ಹಿರಿಯರ ಪಿತ್ತನಾಳದ ಕಲ್ಲು: ಸ್ಟೆಂಟ್ ಹಾಕಿಸಿ ಮರೆಯಬೇಡಿ

ಪಿತ್ತಕೋಶದ ಕಲ್ಲು ಪಿತ್ತನಾಳಕ್ಕೆ ಜಾರಿದರೆ ಚಿಕಿತ್ಸೆ ಸಾಮಾನ್ಯವಾಗಿ ಎರಡು ಕಂತಿನಲ್ಲಿ ನಡೆಯುತ್ತದೆ: ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳದ ಕಲ್ಲನ್ನು ತೆಗೆಯುವ ಇಆರ್‌ಸಿಪಿ, ಆಮೇಲೆ ಪಿತ್ತಕೋಶವನ್ನೇ ತೆಗೆಯುವ ಲ್ಯಾಪರೋಸ್ಕೋಪಿ. ನಾನು ಕಂಡಂತೆ, ಮನೆಯವರು ಎಡವುವುದು ಇವೆರಡರ ನಡುವೆ.

ಮೊದಲು ಕಾಮಾಲೆಯ ಮಾತು. ಕಣ್ಣು ಹಳದಿಯಾದೊಡನೆ ನೆಲನೆಲ್ಲಿ ಅರೆದು ಕುಡಿಸಿ ಕಾಯುವ ರೂಢಿ ನಮ್ಮಲ್ಲಿದೆ. ನಾಳಕ್ಕೆ ಕಲ್ಲು ಅಡ್ಡ ಕೂತಿರುವಾಗ ಯಾವ ಸೊಪ್ಪಿನ ರಸವೂ ಅದನ್ನು ಕದಲಿಸದು. ಚಳಿಜ್ವರವೂ ಸೇರಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರಲ್ಲಿ ಜ್ವರವಿಲ್ಲದೆ ಬರೀ ಮಂಕು, ತೊದಲು ಮಾತು ಕಾಣಿಸಬಹುದು.

ಅಲ್ಟ್ರಾಸೌಂಡ್‌ನಲ್ಲಿ ನಾಳದ ಕಲ್ಲು ಕಾಣದೆ ಹೋಗುವುದುಂಟು; ಪಿತ್ತನಾಳವನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್, ಅಂದರೆ ಎಂಆರ್‌ಸಿಪಿ, ಬರೆದುಕೊಟ್ಟರೆ ಮಾಡಿಸಿ. ಮಾತ್ರೆಗಳ ಹೆಸರನ್ನು ಬಾಯಲ್ಲಿ ಹೇಳುವ ಬದಲು ಮಾತ್ರೆಗಳನ್ನೇ ಚೀಲದಲ್ಲಿ ಒಯ್ಯಿರಿ. ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಯನ್ನು ಎಂದು ನಿಲ್ಲಿಸಬೇಕು, ಎಂದು ಮತ್ತೆ ಶುರುಮಾಡಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ; ನೀವಾಗಿ ನಿಲ್ಲಿಸಬೇಡಿ.

ಇಆರ್‌ಸಿಪಿ ಮುಗಿದ ದಿನ ಮೂರು ಪ್ರಶ್ನೆ ಕೇಳಲೇಬೇಕು: ಕಲ್ಲೆಲ್ಲ ಬಂತೇ? ಸ್ಟೆಂಟ್ ಹಾಕಿದ್ದೀರಾ? ಅದನ್ನು ಯಾವಾಗ ತೆಗೆಯುತ್ತೀರಿ? ಪಿತ್ತ ಹರಿಯಲೆಂದು ನಾಳದೊಳಗೆ ಇಡುವ ಸಣ್ಣ ಪ್ಲಾಸ್ಟಿಕ್ ಕೊಳವೆಯಾದ ಈ ಸ್ಟೆಂಟನ್ನು ಸಾಮಾನ್ಯವಾಗಿ 3 ತಿಂಗಳೊಳಗೆ ತೆಗೆಯಬೇಕು ಇಲ್ಲವೇ ಬದಲಿಸಬೇಕು. ಹಳದಿ ಇಳಿದು ಊಟ ಸೇರತೊಡಗಿದರೆ ಅದು ಒಳಗಿದೆಯೆಂಬುದೇ ಮನೆಯವರಿಗೆ ಮರೆತುಹೋಗುತ್ತದೆ; ಸ್ಟೆಂಟ್ ಕಟ್ಟಿಕೊಂಡು, ಸೋಂಕು ರಕ್ತಕ್ಕೇರಿ, ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ಮರಳಿ ಬಂದವರನ್ನು ಕಂಡಿದ್ದೇನೆ. ತೆಗೆಸುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಮಗನ ಫೋನಿನ ನೆನಪೋಲೆಯನ್ನು ಮಾತ್ರ ನಂಬಬೇಡಿ.

ಎರಡನೆಯ ಕಂತನ್ನೂ ಮುಂದೂಡಬಾರದು. ಪಿತ್ತಕೋಶ ಉಳಿದರೆ ಕಲ್ಲು ಮತ್ತೆ ನಾಳಕ್ಕೆ ಇಳಿಯಬಹುದು. ಆದ್ದರಿಂದ ದೇಹ ತಡೆಯುವಂತಿದ್ದರೆ ಅದೇ ದಾಖಲಾತಿಯಲ್ಲಿ, ತಪ್ಪಿದರೆ ಎರಡು ವಾರದೊಳಗೆ ಮಾಡಿಸುವುದು ಒಳ್ಳೆಯದು. ‘ಎಂಬತ್ತಾಯಿತು, ಇನ್ಯಾಕೆ’ ಎಂಬ ಮಾತು ಕಾರಣವಲ್ಲ. ಹೃದಯ, ಶ್ವಾಸಕೋಶ ಹೇಗಿವೆ, ಮೆಟ್ಟಿಲು ಹತ್ತಬಲ್ಲರೇ ಎಂಬುದನ್ನು ನೋಡಿ ಅರಿವಳಿಕೆ ವೈದ್ಯರು ಹೇಳಬೇಕು. ತೀರ ನಿತ್ರಾಣರಾದವರಿಗೆ ಶಸ್ತ್ರಚಿಕಿತ್ಸೆ ಬೇಡವೆಂದು ಅವರೇ ಹೇಳುವುದೂ ಉಂಟು.

ಈ ನಡುವೆ ಆಲಿವ್ ಎಣ್ಣೆ, ನಿಂಬೆರಸ ಕುಡಿಸಿ ಕಲ್ಲು ಬೀಳಿಸುತ್ತೇವೆನ್ನುವವರು ಗಂಟುಬೀಳುತ್ತಾರೆ; ಮಲದಲ್ಲಿ ಕಾಣುವ ಆ ಹಸಿರು ಉಂಡೆಗಳು ಎಣ್ಣೆಯಿಂದಲೇ ಆದ ಸಾಬೂನಿನಂಥ ಗಟ್ಟಿಗಳು.

ಲ್ಯಾಪರೋಸ್ಕೋಪಿಯಲ್ಲಿ ಸಾಮಾನ್ಯವಾಗಿ 4 ಸಣ್ಣ ರಂಧ್ರ ಸಾಕು. ಒಳಗೆ ಅಂಟಿಕೊಂಡಿದ್ದರೆ ಹೊಟ್ಟೆ ತೆರೆಯಬೇಕಾಗಬಹುದು. ಅದು ಸೋಲಲ್ಲ, ವಿವೇಕ. ತುಂಬಿದ ಅನಿಲದಿಂದ ಒಂದೆರಡು ದಿನ ಭುಜ ನೋಯಬಹುದು. ಮನೆಗೆ ಬಂದ ಮೇಲೆ ಕಣ್ಣು ಮತ್ತೆ ಹಳದಿಯಾದರೆ, ಜ್ವರ ಬಂದರೆ ಅಥವಾ ಮಲ ಬಿಳಿಚಿಕೊಂಡರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೊರಡಿ.