ಕಾರ್ಟನ್ನಿನ ಎರಡು ಸೆಂಟಿಮೀಟರ್: ಮೈಸೂರಿನಿಂದ ಅಗರಬತ್ತಿ ಕಂಟೇನರ್ ಕಳಿಸುವ ನಮ್ಮ ಕ್ರಮ

ಸರಕು ಸಾಗಣೆಯ ಹೊಗೆ ಇಳಿಸಬೇಕು ಎಂದರೂ ಹಡಗು ಯಾವ ಎಣ್ಣೆ ಉರಿಸಬೇಕೆಂದು ಮೈಸೂರಿನಲ್ಲಿ ಕೂತು ತೀರ್ಮಾನಿಸಲು ಆಗದು. 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ 3.5ರಿಂದ 0.5ಕ್ಕೆ ಇಳಿದದ್ದು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ನಿಯಮದಿಂದ. ರಫ್ತು ಮಾಡುವವರ ಕೈಲಿರುವುದು ಬೇರೆ: ಕಂಟೇನರ್ ಎಷ್ಟು ತುಂಬಿ ಹೋಗುತ್ತದೆ, ಟ್ರೈಲರ್ ಎಷ್ಟು ದೂರ ಸುಮ್ಮನೆ ಓಡುತ್ತದೆ, ಬಂದರಿನ ಗೇಟಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ.

ಮೊದಲು ತುಂಬುವ ಮಾತು. ಅಗರಬತ್ತಿ ಹಗುರ ಸರಕು. ತೂಕದ ಮಿತಿ ಮುಟ್ಟುವ ಮೊದಲೇ ಜಾಗ ಮುಗಿಯುತ್ತದೆ. ಹಾಗಾಗಿ ನಾವು 40 ಅಡಿಯ ಹೈಕ್ಯೂಬ್, ಅಂದರೆ ಎತ್ತರ ಹೆಚ್ಚಿರುವ ಕಂಟೇನರ್ ತೆಗೆದುಕೊಳ್ಳುತ್ತೇವೆ. ಅದರ ಒಳ ಅಳತೆ ಸುಮಾರು 1203 ಸೆಂ.ಮೀ. ಉದ್ದ, 235 ಅಗಲ, 269 ಎತ್ತರ. ಬಾಗಿಲಿನ ಎತ್ತರ ಮಾತ್ರ 258. ಕಾರ್ಟನ್ 48 ಅಗಲ, 40 ಎತ್ತರ, 59 ಉದ್ದ ಇದ್ದರೆ ಅಡ್ಡಕ್ಕೆ ನಾಲ್ಕೇ ಕೂರುತ್ತವೆ, 43 ಸೆಂ.ಮೀ. ಖಾಲಿ ಉಳಿಯುತ್ತದೆ. ಆರು ಸಾಲು ಎತ್ತರ, ಇಪ್ಪತ್ತು ಸಾಲು ಉದ್ದ, ಒಟ್ಟು 480 ಕಾರ್ಟನ್. ಅದೇ ಅಗಲವನ್ನು 46ಕ್ಕೂ ಎತ್ತರವನ್ನು 36ಕ್ಕೂ ಇಳಿಸಿದರೆ ಅಡ್ಡಕ್ಕೆ ಐದು, ಎತ್ತರಕ್ಕೆ ಏಳು, ಒಟ್ಟು 700. ಘನ ಅಳತೆಯಲ್ಲಿ 54.4 ಘನ ಮೀಟರ್ ಇದ್ದದ್ದು 68.4 ಆಗುತ್ತದೆ. ಐದು ಕಂಟೇನರಿನ ಸರಕು ನಾಲ್ಕರಲ್ಲಿ ಹೋಗುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ, ಡಬ್ಬಿ ಮಾಡುವವರಿಗೆ ಹೊಸ ಅಳತೆ ಕೊಟ್ಟರೆ ಆಯಿತು.

ಎಡವುವುದು ಎರಡು ಕಡೆ. ಕಾರ್ಟನ್ ತುಂಬಿ ಟೇಪ್ ಹಾಕಿದ ಮೇಲೆ ಒಂದು ಸೆಂ.ಮೀ.ವರೆಗೂ ಉಬ್ಬುತ್ತದೆ, 46 ಇದ್ದದ್ದು 47 ಆದರೆ ಐದಕ್ಕೆ ಸರಿಯಾಗಿ 235, ಐದನೆಯದನ್ನು ಗುದ್ದಿ ತೂರಿಸಬೇಕಾಗುತ್ತದೆ. ಆದ್ದರಿಂದ ಅಳೆಯಬೇಕಾದ್ದು ತುಂಬಿದ ಕಾರ್ಟನ್ನನ್ನು, ಖಾಲಿ ಡಬ್ಬಿಯನ್ನಲ್ಲ. ಎರಡನೆಯದು ಭಾರ. ಕಾರ್ಟನ್ 15 ಕಿಲೋ ಇದ್ದರೆ ಕೆಳಗಿನ ಸಾಲಿನ ಮೇಲೆ 90 ಕಿಲೋ ಕೂರುತ್ತದೆ. ಕಡಲಿನ ತೇವಕ್ಕೆ ರಟ್ಟು ಮೆತ್ತಗಾಗುವುದರಿಂದ ಅದರ ನಾಲ್ಕು ಪಟ್ಟಾದರೂ ತಡೆಯುವ ಐದು ಪದರದ ರಟ್ಟು ಹಾಕಿಸುತ್ತೇವೆ. ಮರದ ಪ್ಯಾಲೆಟ್ ಬೇಕೇ ಬೇಕು ಎಂದು ಖರೀದಿದಾರರು ಹಟ ಹಿಡಿದರೆ ಶಾಖದ ಉಪಚಾರದ್ದನ್ನೇ ಕೇಳಿ, ಅಂದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇದ್ದದ್ದು. ಮಿಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು ಓಜೋನ್ ಪದರಕ್ಕೆ ಕೇಡು. ಸರಕು ಕಡಿಮೆ ಇದೆಯೆಂದು ಕೊಡಗಿನ ಕಾಫಿಯ ಜೊತೆ ಒಂದೇ ಕಂಟೇನರಿನಲ್ಲಿ ಹಾಕುವ ಯೋಚನೆ ಮಾತ್ರ ಬೇಡ. ಕಾಫಿ ಗಂಧ ಹೀರುತ್ತದೆ.

ಇನ್ನು ಖಾಲಿ ಓಟ. ಚೆನ್ನೈ ಇಲ್ಲಿಂದ ಸುಮಾರು 480 ಕಿ.ಮೀ. ಖಾಲಿ ಕಂಟೇನರ್ ಅಲ್ಲಿಂದಲೇ ಬಂದರೆ, ಬರುವಾಗ ಲೀಟರಿಗೆ 4 ಕಿ.ಮೀ., ಹೋಗುವಾಗ 3 ಕಿ.ಮೀ. ಎಂದು ಹಿಡಿಯಿರಿ: 120 ಮತ್ತು 160, ಒಟ್ಟು 280 ಲೀಟರ್ ಡೀಸೆಲ್. ಲೀಟರ್ ಡೀಸೆಲ್ ಉರಿದರೆ 2.68 ಕಿಲೋ ಇಂಗಾಲದ ಡೈಆಕ್ಸೈಡ್. ಅಲ್ಲಿಗೆ 750 ಕಿಲೋ. ಇದನ್ನು ಇಳಿಸಲು ಎರಡು ದಾರಿ. ಹೂಟಗಳ್ಳಿ, ಹೆಬ್ಬಾಳ, ನಂಜನಗೂಡು ಕಡೆ ಆಮದು ಸರಕು ಇಳಿಸಿ ಖಾಲಿಯಾದ ಕಂಟೇನರನ್ನೇ ನಮ್ಮಲ್ಲಿ ತುಂಬುವುದು ಒಂದು. ಅದು ನಮ್ಮ ಬುಕಿಂಗ್ ಇರುವ ಶಿಪ್ಪಿಂಗ್ ಲೈನಿನದೇ ಆಗಿರಬೇಕು, ಅಳತೆ ಹೊಂದಬೇಕು, ಲೈನಿನ ಒಪ್ಪಿಗೆ ಬರಹದಲ್ಲಿರಬೇಕು. ಒಳಗೆ ನಿಂತು ಬಾಗಿಲು ಮುಚ್ಚಿಸಿ ನೋಡಿ. ಎಲ್ಲಾದರೂ ಬೆಳಕು ಕಂಡರೆ ಅಲ್ಲಿ ನೀರೂ ಇಳಿಯುತ್ತದೆ, ಬೇಡವೆನ್ನಿ. ಇನ್ನೊಂದು ದಾರಿ ಮೈಸೂರಿನ ಬಳಿಯ ಕಡಕೊಳದಲ್ಲಿರುವ, ರೈಲಿನಲ್ಲಿ ಕಂಟೇನರ್ ಸಾಗಿಸುವ ಕಂಪನಿಯಾದ ಕಾನ್‌ಕಾರ್ ಟರ್ಮಿನಲ್‌ನಿಂದ ರೈಲು. ರೇಕ್ (ಗೂಡ್ಸ್ ರೈಲು) ಹೊರಡುವ ದಿನ ಕೇಳಿಕೊಂಡು ಅದರಿಂದ ಮುಂದಕ್ಕೆ ಎಣಿಸಿ ಹಡಗು ಹಿಡಿಯಬೇಕು. ಹಡಗು ಮೊದಲು ಗೊತ್ತುಮಾಡಿ ಆಮೇಲೆ ರೈಲು ಹುಡುಕಿದರೆ ಕೊನೆಗೆ ಗತಿ ಟ್ರೈಲರೇ.

ಡಿಜಿಟಲ್ ಕೆಲಸದಲ್ಲಿ ಹೆಚ್ಚು ಡೀಸೆಲ್ ಸುಡಿಸುವುದು ಒಂದಕ್ಕೊಂದು ಹೊಂದದ ಅಂಕಿ. ಕಂಟೇನರ್ ನಂಬರ್, ಸೀಲ್ ನಂಬರ್, ಗಾಡಿ ನಂಬರ್, ತೂಕ ಇವುಗಳಲ್ಲಿ ಒಂದಲ್ಲ ಒಂದು ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಅರ್ಜಿ), ಇ-ಸೀಲ್ (ಎಲೆಕ್ಟ್ರಾನಿಕ್ ಮುದ್ರೆ), ಇ-ವೇ ಬಿಲ್ (ಜಿಎಸ್‌ಟಿಯ ಸಾಗಣೆ ಪತ್ರ), ವಿಜಿಎಂ (ತುಂಬಿದ ಕಂಟೇನರಿನ ದೃಢಪಡಿಸಿದ ಒಟ್ಟು ತೂಕ), ಫಾರ್ಮ್ 13 (ಬಂದರಿನ ಗೇಟ್ ಪ್ರವೇಶ ಪತ್ರ) ಪ್ರತಿಯೊಂದರಲ್ಲೂ ಬರುತ್ತದೆ. ಒಂದು ಅಕ್ಷರ ತಪ್ಪಿದರೂ ಗಾಡಿ ಗೇಟಿನ ಹೊರಗೆ. ಅದಕ್ಕೆ ನಾವು ಒಂದೇ ಎಕ್ಸೆಲ್ ಶೀಟಿನಲ್ಲಿ ಒಮ್ಮೆ ತುಂಬಿ ಉಳಿದೆಡೆಗೆಲ್ಲ ಅಲ್ಲಿಂದಲೇ ಕಾಪಿ ಮಾಡುತ್ತೇವೆ. ಕಂಟೇನರ್ ನಂಬರಿನ ಕೊನೆಯ ಅಂಕಿ ಪರೀಕ್ಷೆಯ ಅಂಕಿ, ಉಳಿದದ್ದು ಸರಿಯೇ ಎಂದು ಅದರಿಂದ ತಿಳಿಯುತ್ತದೆ. ನಂಬರಿನ ಇಂಗ್ಲಿಷ್ ಅಕ್ಷರಗಳಿಗೂ ಬೆಲೆ ಇದೆ: ಎ ಅಂದರೆ 10, ಮುಂದೆ 11ರ ಗುಣಕಗಳನ್ನು ಬಿಟ್ಟು ಬಿ 12, ಸಿ 13 ಹೀಗೆ. ಮೊದಲ ಹತ್ತು ಸ್ಥಾನಗಳನ್ನು ಕ್ರಮವಾಗಿ 1, 2, 4 ಹೀಗೆ ಇಮ್ಮಡಿಯಾಗುತ್ತ 512ರವರೆಗೆ ಗುಣಿಸಿ ಕೂಡಿ 11ರಿಂದ ಭಾಗಿಸಿದರೆ ಉಳಿಯುವ ಶೇಷವೇ ಆ ಅಂಕಿ, ಶೇಷ 10 ಬಂದರೆ 0. ಸಿಎಸ್‌ಕ್ಯೂಯು 305438ಕ್ಕೆ ಮೊತ್ತ 6185, ಶೇಷ 3. ಈ ಸೂತ್ರ ಶೀಟಿನಲ್ಲಿ ಇದ್ದರೆ ತಪ್ಪು ನಂಬರ್ ಅಲ್ಲೇ ಕೆಂಪಾಗುತ್ತದೆ.

ವಿಜಿಎಂ 2016ರ ಜುಲೈಯಿಂದ ಕಡ್ಡಾಯ. ತುಂಬಿದ ಕಂಟೇನರನ್ನು ವೇಬ್ರಿಡ್ಜ್ ಮೇಲೆ ತೂಗಿ ಗಾಡಿಯ ತೂಕ ಕಳೆಯುವುದು ಒಂದು ಕ್ರಮ. ಕಾರ್ಟನ್, ಪ್ಯಾಲೆಟ್, ಬಿಗಿಸುವ ಸಾಮಾನು ಎಲ್ಲ ತೂಗಿ ಬಾಗಿಲ ಮೇಲೆ ಬರೆದ ಖಾಲಿ ತೂಕ ಕೂಡಿಸುವುದು ಇನ್ನೊಂದು. ಇ-ಸೀಲ್ ಹಾಕಿದ ಮೇಲೆ ವಿವರ ಪೋರ್ಟಲಿಗೆ ಏರಿದ್ದು ಕಣ್ಣಾರೆ ಕಂಡೇ ಗಾಡಿ ಬಿಡಿ. ದಾರಿಯಲ್ಲಿ ಗಾಡಿ ಕೆಟ್ಟು ಬೇರೆಯದು ಬಂದರೆ ಇ-ವೇ ಬಿಲ್ಲಿನ ಎರಡನೇ ಭಾಗ, ಇ-ಸೀಲ್ ಎರಡರಲ್ಲೂ ನಂಬರ್ ಬದಲಾಗಬೇಕು. ಒಂದನ್ನು ಮಾಡಿ ಇನ್ನೊಂದನ್ನು ಮರೆಯುವುದೇ ಹೆಚ್ಚು. ಇ-ವೇ ಬಿಲ್ ದಿನಕ್ಕೆ 200 ಕಿ.ಮೀ. ಲೆಕ್ಕ, ಚೆನ್ನೈಗೆ ಮೂರು ದಿನ. ಹಡಗಿಗೆ ಗೇಟ್ ತೆರೆದ ಮೇಲೆ ತಲುಪುವಂತೆ ಗಾಡಿ ಹೊರಡಿಸಿ, ಬೇಗ ಹೋದರೆ ಡ್ರೈವರ್ ರಸ್ತೆ ಬದಿಯಲ್ಲೇ ರಾತ್ರಿ ಕಳೆಯಬೇಕು. ಗೇಟ್ ದಾಟಿದ ಮೇಲೆ ಎಲ್ಲಿದೆ ಎಂಬುದು ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ ಎಂಬ ಜಾಲತಾಣದಲ್ಲಿ ಕಂಟೇನರ್ ನಂಬರ್ ಹಾಕಿದರೆ ಸಿಗುತ್ತದೆ.

ಯುರೋಪಿಗೆ ಕಳಿಸುವವರು ಕೊಟೇಶನ್ನಿನಲ್ಲಿ ಇಂಗಾಲದ ಶುಲ್ಕ ಬೇರೆ ಸಾಲಿನಲ್ಲಿದೆಯೇ ನೋಡಿ. ಇಂಗಾಲ ಉಗುಳಿದ್ದಕ್ಕೆ ಹಣ ತೆರಿಸುವ ಅಲ್ಲಿನ ವ್ಯವಸ್ಥೆಗೆ ಹಡಗುಗಳು 2024ರಲ್ಲಿ ಸೇರಿದವು. ಲೆಕ್ಕಕ್ಕೆ ಬರುವ ಪಾಲು ಆ ವರ್ಷ ಶೇ 40, 2025ಕ್ಕೆ 70, 2026ರಿಂದ 100. ಭಾರತದಿಂದ ಅಲ್ಲಿಗೆ ಹೋಗುವ ಯಾನದ ಹೊಗೆಯಲ್ಲಿ ಅರ್ಧ ಮಾತ್ರ ಎಣಿಕೆಗೆ ಬರುತ್ತದೆ.

ಕೊನೆಯ ಕಾಗದ ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಪಡೆದದ್ದಕ್ಕೆ ಹಡಗು ಕಂಪನಿ ಕೊಡುವ, ಸರಕಿನ ಹಕ್ಕುಪತ್ರವೂ ಆಗಿರುವ ರಸೀದಿ. ಬ್ರಿಟನ್ 2023ರ ಕಾಯ್ದೆಯಲ್ಲಿ ಎಲೆಕ್ಟ್ರಾನಿಕ್ ದಾಖಲೆಗೆ ಕಾಗದದಷ್ಟೇ ಮಾನ್ಯತೆ ಕೊಟ್ಟಿದೆ. ಆದರೂ ಖರೀದಿದಾರರ ಬ್ಯಾಂಕ್ ಒಪ್ಪುತ್ತದೆಯೇ ಎಂದು ಬುಕಿಂಗ್ ಮೊದಲೇ ಕೇಳಿ. ಹಣ ಮುಂಗಡ ಬಂದಿರುವ ಹಳೆಯ ಗಿರಾಕಿಗೆ ಸೀ ವೇಬಿಲ್ ಸಾಕು, ಕೊರಿಯರ್ ಖರ್ಚೂ ಕಾಯುವುದೂ ತಪ್ಪುತ್ತದೆ. ಬಾಕಿ ಇದ್ದರೆ ಕೊಡಬೇಡಿ: ಅದು ಸರಕಿನ ಹಕ್ಕುಪತ್ರವಲ್ಲ, ಹೆಸರಿರುವವರು ಮೂಲ ಪ್ರತಿ ತೋರಿಸದೆಯೇ ಸರಕು ಬಿಡಿಸಿಕೊಳ್ಳುತ್ತಾರೆ.