ಬಣ್ಣ ನೋಡಿ ಕೊಂಡದ್ದು ಒಂದು, ಎಣ್ಣೆ ನೋಡಿ ಕೊಂಡದ್ದು ಇನ್ನೊಂದು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಶೆಡ್ಡಿಗೆ 100 ಟನ್ ಒತ್ತುವ ಹಳೆಯ ಪ್ರೆಸ್ ಬ್ರೇಕ್ (ಕಬ್ಬಿಣದ ಶೀಟು ಬಗ್ಗಿಸುವ ಮಷಿನ್) ಬಂದು ಹದಿನಾಲ್ಕು ತಿಂಗಳಾಯಿತು. ಲಾರಿಯಿಂದ ಇಳಿಸಿದ ದಿನ ನೋಡಲು ಬಂದವರು "ಗುಜರಿಗೆ ಇಷ್ಟು ದುಡ್ಡು ಸುರಿದಿರಾ?" ಎಂದರು. ನಮ್ಮ ಭಾವನಂತೂ ಚಹಾದ ಲೋಟ ಕೆಳಗಿಡುವ ಮೊದಲೇ "ಮೊದಲ ಸಲ ಕಲಿತದ್ದು ಸಾಲಲಿಲ್ಲವೇ?" ಎಂದು ಕೇಳಿಬಿಟ್ಟರು. ಅಂದು ನಕ್ಕವರಲ್ಲಿ ಇಬ್ಬರು ಈಗ ಮೂರು ಮೀಟರಿನ ಶೀಟುಗಳನ್ನು ನನ್ನ ಬಳಿಯೇ ಬೆಂಡ್ ಮಾಡಿಸುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಭಾವ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು 60 ಟನ್ನಿನ, ಎರಡೂವರೆ ಮೀಟರಿನ ಒಂದು 'ರೀಕಂಡೀಶನ್' ಮಷಿನ್ ತಂದಿದ್ದೆ. ಹೊಳೆಯುವ ಹಸಿರು ಬಣ್ಣ, ಹೊಸ ಪೆಡಲ್, ಹೊಸ ಸ್ಟಿಕರ್. ಎರಡನೆಯ ತಿಂಗಳಿಗೆ ಬಲಗಡೆಯ ಸಿಲಿಂಡರಿನಿಂದ ಎಣ್ಣೆ ಇಳಿಯತೊಡಗಿತು. ಬಿಚ್ಚಿದರೆ ರಾಡಿನ ಕ್ರೋಮ್ ಎದ್ದುಹೋಗಿದೆ, ಗೀರುಗಳಿಗೆ ಅದೇನನ್ನೋ ಮೆತ್ತಿ ಮರಳು ಕಾಗದ ತಿಕ್ಕಿದ್ದಾರೆ. ಅದನ್ನು ಸರಿಮಾಡಿಸುವಷ್ಟರಲ್ಲಿ ಎಡಗಡೆಯ ಫ್ರೇಮಿನ ಗಂಟಲಿನ (C ಆಕಾರಕ್ಕೆ ಒಳಗೆ ಕತ್ತರಿಸಿದ ಭಾಗದ) ಮೂಲೆಯಲ್ಲಿ, ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಕಾಣಿಸಿತು. ಉಗುರಿನಿಂದ ಕೆರೆದೆ, ಪುಟ್ಟಿ ಎದ್ದು ಬಂತು. ಉಳಿಯಿಂದ ಕೆರೆದೆ, ಇನ್ನಷ್ಟು ಪುಟ್ಟಿ. ಅದರಡಿ ಹಳೆಯ ವೆಲ್ಡಿಂಗ್, ವೆಲ್ಡಿಂಗಿನ ಪಕ್ಕದಲ್ಲೇ ಹೊಸ ಬಿರುಕು. ಕೊಂಡದ್ದು ನಾಲ್ಕೂಮುಕ್ಕಾಲು ಲಕ್ಷಕ್ಕೆ. ಕೊನೆಗೆ ತೂಕಕ್ಕೆ ಹಾಕಿದಾಗ ಕೈಗೆ ಬಂದದ್ದು ಒಂದೂಕಾಲು ಲಕ್ಷದ ಆಸುಪಾಸು. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟಿದ್ದರು.

ಆಮೇಲೆ ಬೆಂಡಿಂಗನ್ನೆಲ್ಲ ಹೊರಗೆ ಕೊಟ್ಟೆ. ನಮ್ಮದು ಹೆಚ್ಚಾಗಿ ಪ್ಯಾನೆಲ್ ಬಾಕ್ಸು, ಕೇಬಲ್ ಟ್ರೇ, ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರಾಲಿಯ ಹಲಗೆಗಳು. ತಿಂಗಳಿಗೆ ಇಪ್ಪತ್ತೆಂಟು-ಮೂವತ್ತು ಸಾವಿರ ಬೆಂಡಿಂಗಿಗೆ, ಟೆಂಪೋ ಬಾಡಿಗೆ ಬೇರೆ. ಹೊಸ ಮಷಿನಿಗೆ ಬಂದ ಕೊಟೇಶನ್ 24 ಲಕ್ಷ. ಹಳೆಯದು ಎಂದ ಕೂಡಲೇ ಬ್ಯಾಂಕಿನವರು ಫೈಲು ಮುಚ್ಚಿದರು. ಪತ್ತಿನ ಸೊಸೈಟಿಯಲ್ಲಿ ಸಾಲ ಎತ್ತಿ ಮತ್ತೆ ಹುಡುಕಲು ಹೊರಟೆ.

ಈ ಸಲ ಜೊತೆಗೆ ನಮ್ಮ ಹಳೆಯ ಫಿಟ್ಟರ್ ಕಾಕಾ ಇದ್ದರು. ಚೀಲದಲ್ಲಿ ಕೂದಲೆಳೆಯಷ್ಟು ಸರಿದರೂ ತೋರಿಸುವ ಡಯಲ್ ಗೇಜ್, ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಒಂದೇ ಶೀಟಿನಿಂದ ಒಂದೇ ದಿಕ್ಕಿಗೆ ಕತ್ತರಿಸಿದ 2 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿ ಹನ್ನೆರಡು. ಅಲ್ಲಿಯ ತುಂಡುಗಳ ಮೇಲೆ ನಂಬಿಕೆ ಇಡಬೇಡಿ, ನಿಮ್ಮ ಪಟ್ಟಿ ನೀವೇ ಒಯ್ಯಿರಿ. ಅಯಸ್ಕಾಂತ ಫ್ರೇಮಿನ ಗಂಟಲಿನಲ್ಲಿ ಗಟ್ಟಿಯಾಗಿ ಕಚ್ಚಬೇಕು. ಜಾರಿತೆಂದರೆ ಅಲ್ಲಿ ಪುಟ್ಟಿ ದಪ್ಪಗಿದೆ ಎಂದೇ ಅರ್ಥ. ಐದು ಮಷಿನ್ ನೋಡಿದೆವು. ಎರಡನ್ನು ಅಯಸ್ಕಾಂತವೇ ಬೇಡ ಎಂದಿತು.

ಕೊನೆಗೆ ಒಪ್ಪಿದ್ದು ಪುಣೆಯ ಭೋಸರಿಯಲ್ಲಿ, ಶೆಡ್ಡಿನ ಹಿಂದುಗಡೆ ತಾಡಪತ್ರಿ ಹೊದ್ದು ನಿಂತಿದ್ದ ಮಷಿನ್. ಟಾರ್ಷನ್ ಬಾರಿನದು, ಮೂರು ಮೀಟರ್. ಮೂಲ ಬಣ್ಣವೇ ಅಲ್ಲಲ್ಲಿ ಸುಲಿದಿತ್ತು, ಅದೇ ನನಗೆ ಹಿಡಿಸಿತು. ಕಂಟ್ರೋಲರಿನ ಪರದೆ ಸತ್ತಿತ್ತು. ಬೇರೆಯವರು ಅದನ್ನು ನೋಡಿಯೇ ಹಿಂತಿರುಗಿದ್ದರಂತೆ. ಈ ಜಾತಿಯ ಮಷಿನಿನಲ್ಲಿ ಬೀಮಿನ (ಇಳಿದು ಶೀಟನ್ನು ಒತ್ತುವ ಭಾಗದ) ಎರಡೂ ಕಡೆಯನ್ನು ಸಮಕ್ಕೆ ತರುವುದು ಆ ಉಕ್ಕಿನ ಬಾರು, ಆಳ ನಿಲ್ಲಿಸುವುದು ಸ್ಟಾಪರು. ಪರದೆ ಸತ್ತರೆ ಹೊಸದು ಹಾಕಿದರಾಯಿತು. ಎರಡೂ ಕಡೆಯನ್ನು ಕಂಪ್ಯೂಟರೇ ಸಮಕ್ಕೆ ತರುವ ಪ್ರೊಪೋರ್ಷನಲ್ ವಾಲ್ವಿನ ಸಿಎನ್‌ಸಿ ಆಗಿದ್ದರೆ ನಾನೂ ಹಿಂತಿರುಗುತ್ತಿದ್ದೆ.

ಬೆಳಿಗ್ಗೆ ವ್ಯಾಪಾರಿಯ ಕಡೆಯವರು ಮಷಿನ್ ಚಾಲೂ ಮಾಡಿ ಹತ್ತು ನಿಮಿಷಕ್ಕೆ "ನೋಡಿ, ಹೇಗಿದೆ" ಎಂದರು. ತಣ್ಣಗಿರುವಾಗ ಎಲ್ಲ ಮಷಿನೂ ಒಳ್ಳೆಯವೇ. ಎಣ್ಣೆ ಗಟ್ಟಿಯಿರುತ್ತದೆ, ಸವೆದ ಸೀಲೂ ತಡೆದುಕೊಳ್ಳುತ್ತದೆ. ಎರಡು ಗಂಟೆ ಓಡಿಸಲು ಹೇಳಿ ನಾವು ಮಿಸಳ್ ತಿನ್ನಲು ಹೋದೆವು. ಬಂದು ಟ್ಯಾಂಕ್ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಬೀಮನ್ನು ಅರ್ಧಕ್ಕೆ ನಿಲ್ಲಿಸಿ, ಮೋಟಾರ್ ಆರಿಸಿ ಡಯಲ್ ಹಚ್ಚಿದೆವು. ಅರ್ಧ ಗಂಟೆಯಲ್ಲಿ ಬೀಮ್ ಎರಡು ಎಂಎಂ ಇಳಿಯಿತು. ವ್ಯಾಪಾರಿಯ ಕಡೆಯವರು ದೋಷ ವಾಲ್ವಿನದು ಎಂದರು, ಕಾಕಾ ಸೀಲಿನದು ಎಂದರು.

ಕಾಕಾ ಮಾತನಾಡದೆ ಬೀಮನ್ನು ಪೂರ್ತಿ ಮೇಲಕ್ಕೇರಿಸಿ, ಮೋಟಾರ್ ಆರಿಸಿ, ಅದರ ಕೆಳಗೆ ಎರಡು ಮರದ ದಿಮ್ಮಿ ಇಟ್ಟರು, ನಡುವೆ ಬೆರಳಗಲ ಜಾಗ ಬಿಟ್ಟು. ಭಾರ ದಿಮ್ಮಿಯ ಮೇಲೆ ಕೂತರೆ ಪರೀಕ್ಷೆಗೆ ಅರ್ಥವಿಲ್ಲ, ದಿಮ್ಮಿ ಇಲ್ಲದಿದ್ದರೆ ಕೈಗೆ ಅರ್ಥವಿಲ್ಲ. ಎರಡೂ ಸಿಲಿಂಡರುಗಳ ಮೇಲ್ಗಡೆಯ ಪೈಪನ್ನು ಬಿಚ್ಚಿ ಕೆಳಗೆ ಡಬ್ಬಿ ಹಿಡಿದು, ಮೋಟಾರ್ ಚಾಲೂ ಮಾಡಿಸಿ ಬೀಮನ್ನು ಮೇಲಕ್ಕೇ ಒತ್ತಿ ಹಿಡಿಸಿದರು. ಎಡಗಡೆ ನಿಂತಿದ್ದ ಎಣ್ಣೆ ಬಂದು ನಿಂತಿತು. ಬಲಗಡೆ ನಿಲ್ಲಲಿಲ್ಲ, ತೊಟ್ಟು, ತೊಟ್ಟು, ತೊಟ್ಟು. ದೋಷ ವಾಲ್ವಿನದಲ್ಲ, ಪಿಸ್ಟನ್ ಸೀಲಿನದು. (ಮೇಲೆ ಟ್ಯಾಂಕ್ ಕೂತು, ಅದರ ಎಣ್ಣೆಯನ್ನು ನೇರ ಸಿಲಿಂಡರಿಗೆ ಬಿಡುವ ಪ್ರಿಫಿಲ್ ವಾಲ್ವ್ ಇರುವ ಮಷಿನಿಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಎಣ್ಣೆ ಹೇಗೂ ಬರುತ್ತದೆ.) ಸೀಲ್ ಹೋಗಿದ್ದರೆ ನನಗೆ ಸಂತೋಷವೇ. ಸಾವಿರಗಳಲ್ಲಿ ಮುಗಿಯುವ ರೋಗ, ಲಕ್ಷಗಳಲ್ಲಿ ಚೌಕಾಸಿ.

ಪಟ್ಟಿಗಳನ್ನು ಸ್ಟಾಪರಿನ ಅಳತೆ ಬದಲಿಸದೆ ಎಡ, ನಡು, ಬಲ ಮೂರೂ ಕಡೆ ಬೆಂಡ್ ಮಾಡಿದೆವು. ವ್ಯತ್ಯಾಸ ಅರ್ಧ ಡಿಗ್ರಿಯೊಳಗೆ ಬಂತು. ಹೇಳಿದ ಬೆಲೆ ಹನ್ನೊಂದೂವರೆ ಲಕ್ಷ, ಕುದುರಿದ್ದು ಎಂಟೂಕಾಲಕ್ಕೆ, ಜಿಎಸ್‌ಟಿ ಬೇರೆ. ಕೊನೆಯ ಅರವತ್ತು ಸಾವಿರ ಹೇಗೆ ಇಳಿಯಿತು ಎಂಬುದನ್ನು ಬರೆಯುವುದಿಲ್ಲ, ಅದೇ ವ್ಯಾಪಾರಿಯ ಬಳಿ ಶೀಟು ಕತ್ತರಿಸುವ ಒಂದು ಶಿಯರಿಂಗ್ ಮಷಿನಿನ ಮೇಲೆ ಕಣ್ಣಿಟ್ಟಿದ್ದೇನೆ.

ಸಾಗಣೆ, ಎರಡೂ ಊರಿನ ಹೈಡ್ರಾ ಕ್ರೇನು ಸೇರಿ ಎಪ್ಪತ್ತು ಸಾವಿರ. ಇದರ ಭಾರವೆಲ್ಲ ಮೇಲೆ ಮತ್ತು ಮುಂದೆ. ಇಳಿಸುವಾಗ ಕ್ರೇನಿನವನು ಹಗ್ಗವನ್ನು ಸ್ವಲ್ಪ ಹಿಂದೆ ಹಾಕಿದ. ಏಳು ಟನ್ ಕಬ್ಬಿಣ ನಮಸ್ಕಾರ ಮಾಡಿದಂತೆ ಮುಂದಕ್ಕೆ ಬಾಗಿತು. ಶೀಟು ತಾಗಿ ನಿಲ್ಲುವ ಬ್ಯಾಕ್ ಗೇಜಿನ ಒಂದು ಬೆರಳು ಮುರಿದದ್ದು ಬಿಟ್ಟರೆ ಬಚಾವಾದೆವು.

ಸಿಲಿಂಡರನ್ನು ಬೆಳಗಾವಿಯ ಉದ್ಯಮಬಾಗಿಗೆ ಒಯ್ದು ಹೋನಿಂಗ್ (ಒಳಮೈ ಉಜ್ಜಿ ನಯ ಮಾಡುವ ಕೆಲಸ) ಮಾಡಿಸಿದೆ. ಆ ಕೆಲಸ ಅಲ್ಲಿ ಮಾಡಿದಷ್ಟು ಚೆನ್ನಾಗಿ ನಮ್ಮಲ್ಲಿ ಆಗುವುದಿಲ್ಲ, ಹುಬ್ಬಳ್ಳಿಯವರು ಬೈದುಕೊಳ್ಳಲಿ. ಕಾಕಾ "ಎಡಗಡೆಯದು ಚೆನ್ನಾಗಿದೆ, ಮುಟ್ಟಬೇಡಪ್ಪಾ" ಎಂದಿದ್ದರು. ನಾನು ಜಾಣತನ ತೋರಿಸಲು ಅದನ್ನೂ ಬಿಚ್ಚಿದೆ. ಮತ್ತೆ ಕೂರಿಸುವಾಗ ಚೂಡಿಯ (ಥ್ರೆಡ್ಡಿನ) ಅಂಚಿಗೆ ತಾಗಿ ಹೊಸ ಸೀಲಿನ ತುಟಿಯೇ ಹರಿಯಿತು. ಒಂಬತ್ತು ಸಾವಿರ ನೀರಿಗೆ ಹೋಯಿತು, ಕಾಕಾ ಎರಡು ದಿನ ಮಾತು ಬಿಟ್ಟರು. ಒಟ್ಟು ಸಿಲಿಂಡರಿಗೆ ಐವತ್ತೈದು ಸಾವಿರ, 46ರ ಹೈಡ್ರಾಲಿಕ್ ಎಣ್ಣೆ ಒಂದು ಬ್ಯಾರೆಲ್ ಮೂವತ್ತು ಸಾವಿರ, ಎರಡು ಆ್ಯಕ್ಸಿಸ್ ಕಂಟ್ರೋಲರ್ ಒಂದು ಲಕ್ಷ ಅರವತ್ತು ಸಾವಿರ, ಶೀಟನ್ನು ಮೇಲಿಂದ ಒತ್ತುವ ಪಂಚು, ಕೆಳಗಿನ ಡೈ ಇವುಗಳಿಗೆ ತೊಂಬತ್ತು ಸಾವಿರ. ಜಿಎಸ್‌ಟಿ ಬಿಟ್ಟು ಮಷಿನು, ಸಾಗಣೆ ಎಲ್ಲ ಸೇರಿ ಹನ್ನೆರಡೂಕಾಲು ಲಕ್ಷ ದಾಟಿತು.

ಕೂರಿಸಿದ ಮೇಲೂ ಪೂರ್ತಿ ಉದ್ದದ ಬೆಂಡಿನಲ್ಲಿ ನಡು ಒಂದೂವರೆ ಡಿಗ್ರಿ ತೆರೆದುಕೊಳ್ಳುತ್ತಿತ್ತು. ನಡು ಬಾಗುವುದನ್ನು ಸರಿದೂಗಿಸುವ ಕ್ರೌನಿಂಗ್ ವ್ಯವಸ್ಥೆ ಇದರಲ್ಲಿ ಇಲ್ಲ. ಮನೆಯಲ್ಲಿ ಬಿದ್ದಿದ್ದ ಲಗ್ನಪತ್ರಿಕೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಡೈಯ ಕೆಳಗೆ ನಡುವಿಗೆ ಮೂರು, ಅದರ ಆಚೀಚೆ ಎರಡು, ಮುಂದೆ ಒಂದು ಎಂದು ಇಟ್ಟೆ. ನಂಬುತ್ತೀರೋ ಇಲ್ಲವೋ, ಮೊದಲ ಶೀಟಿಗೇ ಸರಿಬಂತು. ವಾರದಲ್ಲಿ ಕಾಗದ ಚಪ್ಪಟೆಯಾಗಿ, ಎಣ್ಣೆ ಕುಡಿದು ಮತ್ತೆ ತೆರೆಯಿತು. ಈಗ ಹಿತ್ತಾಳೆಯ ತೆಳು ಪಟ್ಟಿ (ಶಿಮ್) ಹಾಕಿದ್ದೇನೆ. ಎಲ್ಲಿ ಎಷ್ಟು ಎಂಬ ಅಳತೆ ನನ್ನ ಡೈರಿಯಲ್ಲಿದೆ, ಅಲ್ಲೇ ಇರಲಿ.

ಇನ್ನೊಂದು ಪ್ರಯೋಗ ನಗೆಪಾಟಲಾಯಿತು. ಏಪ್ರಿಲ್ ಮಧ್ಯಾಹ್ನ ಎಣ್ಣೆ ಕಾದು ಕೋನ ಅಲುಗಾಡತೊಡಗಿದಾಗ ರಿಟರ್ನ್ ಪೈಪಿಗೆ ಹಳೆಯ ಟ್ರ್ಯಾಕ್ಟರ್ ರೇಡಿಯೇಟರ್ ಜೋಡಿಸಿದೆ. ಬೀಮ್ ಮೇಲೇಳುವಾಗ ಎಣ್ಣೆ ಒಮ್ಮೆಲೇ ನುಗ್ಗುತ್ತದೆ ಎಂಬುದು ಹೊಳೆಯಲೇ ಇಲ್ಲ. ನಾಲ್ಕನೆಯ ಬೆಂಡಿಗೆ ರೇಡಿಯೇಟರ್ ಒಡೆದು ಗೋಡೆ, ಹುಡುಗರು, ಅಂದಿನ ಪ್ಯಾನೆಲ್ ಬಾಗಿಲುಗಳು ಎಲ್ಲಕ್ಕೂ ಎಣ್ಣೆಸ್ನಾನ. ಈಗ ಇನ್ನೊಂದು ರೇಡಿಯೇಟರಿಗೆ ಬೇರೆಯೇ ಸಣ್ಣ ಪಂಪು ಇಟ್ಟು ಟ್ಯಾಂಕಿನಿಂದ ಟ್ಯಾಂಕಿಗೆ ಸುಮ್ಮನೆ ಸುತ್ತಿಸುತ್ತೇನೆ, ತೊಂದರೆಯಿಲ್ಲ.

ಹೊರಗೆ ಕೊಡುತ್ತಿದ್ದ ದುಡ್ಡು ಉಳಿಯಿತು, ಹೊರಗಿನವರು ತರುವ ಕೆಲಸದಿಂದ ತಿಂಗಳಿಗೆ ಸುಮಾರು ಮೂವತ್ತೈದು ಸಾವಿರ ಬರುತ್ತಿದೆ. ಎಂಎಸ್ 3 ಎಂಎಂ ಪೂರ್ತಿ ಉದ್ದಕ್ಕೆ 24ರ (24 ಎಂಎಂ ಬಾಯಿಯ) ಡೈಯಲ್ಲಿ ಎಪ್ಪತ್ತು ಟನ್ ಚಿಲ್ಲರೆಯಲ್ಲಿ ಆಗುತ್ತದೆ. ಸ್ಟೇನ್‌ಲೆಸ್ ಅದಕ್ಕೆ ಒಂದೂವರೆ ಪಟ್ಟು ಕೇಳುತ್ತದೆ, ಅಂದರೆ ನೂರು ದಾಟುತ್ತದೆ. ಕಳೆದ ವಾರ ಅಂಥದೇ ಆರ್ಡರನ್ನು ವಾಪಸು ಕಳಿಸಿದೆ. ಬಾಯಿ ಅಗಲವಾದಷ್ಟೂ ಕಡಿಮೆ ಟನ್ ಸಾಕು, ಹಾಗಾಗಿ 32ರ ಡೈ, ಮೂರು ಮೀಟರಿನದು, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಹುಡುಕುತ್ತಿದ್ದೇನೆ.