ತಲೆಸುತ್ತಿಗೆ ಮಾತ್ರೆಯಲ್ಲ, ತಲೆ ತಿರುಗಿಸುವುದೇ ಮದ್ದು: ನನ್ನ ಅನುಭವ

ತಿಪಟೂರಿನಲ್ಲಿ ನಾನು ಫಿಸಿಯೋಥೆರಪಿ ಶುರು ಮಾಡಿ 11 ವರ್ಷ ಆಯಿತು. ತಲೆಸುತ್ತಿನವರನ್ನು ಮಲಗಿಸಿ, ತಲೆ ತಿರುಗಿಸಿಯೇ ವಾಸಿ ಮಾಡುತ್ತೇನೆ ಎಂದಾಗ ಡಾಕ್ಟರುಗಳೂ ನಂಬಲಿಲ್ಲ. "ತಲೆ ತಿರುಗೋದಕ್ಕೆ ತಲೆ ತಿರುಗಿಸೋದೇ ಮದ್ದಾ?" ಎಂದವರೇ ಈಗ ವಾರಕ್ಕೆ ಮೂರ್ನಾಲ್ಕು ಜನರನ್ನು ಕಳಿಸುತ್ತಾರೆ. ಅಮೆರಿಕದ ಡಾಕ್ಟರ್ ಎಪ್ಲಿಯವರನ್ನೂ ಜೊತೆಯವರು ವರ್ಷಗಟ್ಟಲೆ ನಂಬಿರಲಿಲ್ಲ, ಅವರ ಹೆಸರುವಾಸಿ ಲೇಖನ ಅಚ್ಚಾಗಿದ್ದು 1992ರಲ್ಲಿ. ಒಳಕಿವಿಯಲ್ಲಿ ಜಾಗ ತಪ್ಪಿದ ಸಣ್ಣ ಹರಳುಗಳನ್ನು, ತಲೆಯನ್ನು ಹಂತಹಂತವಾಗಿ ತಿರುಗಿಸಿ ಮತ್ತೆ ಜಾಗಕ್ಕೆ ಸೇರಿಸುವುದನ್ನೇ ಎಪ್ಲಿ ಮಾಡುವುದು ಎನ್ನುತ್ತೇವೆ. ನಾನು ಎಡವಿದ ಕಡೆಗಳನ್ನಷ್ಟೇ ಬರೆಯುತ್ತೇನೆ.

ನಮ್ಮ ಕಡೆ ತಲೆಸುತ್ತು ಎಂದರೆ ಮೊದಲು ಪಿತ್ತ. ನಿಂಬೆಹಣ್ಣು, ಶುಂಠಿ ಹಾಕಿ ಪಾನಕ ಕುಡಿಯುತ್ತಾರೆ. ಆಮೇಲೆ ಲೋ ಬಿಪಿ. ಕೊನೆಗೆ ಕುತ್ತಿಗೆ ಎಕ್ಸ್‌ರೇ, ಸವೆತ, ಕಾಲರ್. ಐವತ್ತು ದಾಟಿದ ಎಷ್ಟು ಜನರ ಕುತ್ತಿಗೆಯಲ್ಲಿ ಸವೆತ ಇರುವುದಿಲ್ಲ, ಹೇಳಿ? ನನ್ನ ಮೊದಲ ಕೇಸು ಕೊಬ್ಬರಿ ಕೆಲಸದ ಒಬ್ಬ ಅಕ್ಕ. ಎಂಟು ತಿಂಗಳು ಕಾಲರ್ ಹಾಕಿದ್ದರು. ಸ್ಕ್ಯಾನಿಂಗ್, ಮಾತ್ರೆ, ಬೆಂಗಳೂರಿನ ಓಡಾಟ ಸೇರಿ 20 ಸಾವಿರದ ಹತ್ತಿರ ಹೋಗಿತ್ತು. ಮಗ್ಗುಲು ಬದಲಿಸಿದಾಗ ಮಾತ್ರ ಮನೆ ಗಿರ್ರನೆ ಸುತ್ತುತ್ತದೆ, ಎಣಿಸಿದರೆ 20 ಸೆಕೆಂಡು ಎಂದರು. ಹರಳು ಜಾರಿದ ತಲೆಸುತ್ತಿನ ಗುರುತೇ ಅದು, ರೋಗಿ ಇನ್ನೇನು ಹೇಳಬೇಕು?

ಆದರೂ ಅವರಲ್ಲೇ ನಾನು ಸೋತೆ. ಬಲಕ್ಕೆ ತಿರುಗಿದರೆ ಜಾಸ್ತಿ ಎಂದರು, ನಾನೂ ಬಲಗಿವಿ ಎಂದುಕೊಂಡು ಮೂರು ಸಲ ಎಪ್ಲಿ ಮಾಡಿದೆ. ವಾಂತಿ ಆಯಿತು, ಗುಣ ಕಾಣಲಿಲ್ಲ. ನಾಲ್ಕನೇ ಸಲ ಬಾಯಿಮಾತು ಬಿಟ್ಟು ಕಣ್ಣು ನೋಡಿದೆ. ತಲೆ ಎಡಕ್ಕೆ ತಿರುಗಿಸಿ ಥಟ್ಟನೆ ಹಿಂದಕ್ಕೆ ಮಲಗಿಸಿ ಕಣ್ಣು ನೋಡುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಮಾಡಿದಾಗ ನಾಲ್ಕೈದು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆ ಮೇಲಕ್ಕೆ ಜಿಗಿಯುತ್ತಾ ತಿರುಚಿಕೊಂಡಿತು. ತೊಂದರೆ ಎಡಗಿವಿಯದು! ಒಂದೇ ಸಲಕ್ಕೆ ಮುಗಿಯಿತು. ಅವತ್ತಿನಿಂದ ಎರಡೂ ಕಡೆ ಕಣ್ಣು ನೋಡದೆ ಕೈ ಹಾಕಿಲ್ಲ.

ಕಣ್ಣು ನೋಡುವ ವಿಡಿಯೋ ಗಾಗಲ್‌ಗೆ ಲಕ್ಷದ ಮೇಲೆ ಕೇಳಿದರು. ನಾನು ಕನ್ನಡಕದಂಗಡಿಯಿಂದ ಕಣ್ಣನ್ನು ದೊಡ್ಡದಾಗಿ ತೋರಿಸುವ ಪ್ಲಸ್ 20 ಪವರ್‌ನ ಗಾಜು ತರಿಸಿ, ಈಜುವ ಗಾಗಲ್‌ಗೆ ಕೂರಿಸಿ, ಒಳಗೆ ಚಿಕ್ಕ ಎಲ್‌ಇಡಿ ಇಟ್ಟೆ. 1,200 ರೂಪಾಯಿ ಆಗಿರಬೇಕು. ಮೊದಲನೆಯದರ ಗಾಜಿಗೆ ಆವಿ ಕಟ್ಟುತ್ತಿತ್ತು, ಪಕ್ಕದಲ್ಲಿ ತೂತು ಕೊರೆದೆ. ನಾಲ್ಕು ಎಪ್ಲಿಗೂ ಬಗ್ಗದ ಒಬ್ಬ ನಿವೃತ್ತ ಮೇಷ್ಟ್ರ ಕಣ್ಣು ಅಡ್ಡಡ್ಡ ಓಡುತ್ತಿದೆ ಎಂದು ಗೊತ್ತಾಗಿದ್ದು ಇದರಿಂದಲೇ. ಅಂದರೆ ಹರಳು ಒಳಕಿವಿಯ ಬೇರೆ ನಾಳದಲ್ಲಿತ್ತು. ಮಲಗಿಸಿ ಮೈಯನ್ನೇ ಉರುಳಿಸುವ ಬಾರ್ಬೆಕ್ಯೂ ರೋಲ್ ಮಾಡಿದೆ, ಎರಡೇ ದಿನಕ್ಕೆ ಸರಿಹೋಯಿತು.

ದೊಡ್ಡ ತಪ್ಪು ಮಾಡಿದ್ದು ನೊಣವಿನಕೆರೆ ಕಡೆಯ ಅಜ್ಜಿಯೊಬ್ಬರ ವಿಷಯದಲ್ಲಿ. ಅವರಿಗೆ ಸುತ್ತು ಎರಡು ಮೂರು ಗಂಟೆ ಇರುತ್ತಿತ್ತು. ಅದಕ್ಕೆ ಮೊದಲು ಕಿವಿ ಕಟ್ಟಿಕೊಳ್ಳುತ್ತಿತ್ತು, ಗುಂಯ್ ಅನ್ನುತ್ತಿತ್ತು. "ಏನಪ್ಪಾ, ಕಿವಿಯೊಳಗೆ ನೀರು ತುಂಬಿದಂಗೆ ಆಗುತ್ತೆ" ಎಂದರೂ ನಾನು ಮೂರು ವಾರ ತಲೆ ತಿರುಗಿಸಿದೆ. ಅದು ಮೆನಿಯರ್, ಒಳಕಿವಿಯ ನೀರು ಜಾಸ್ತಿಯಾಗುವ ಕಾಯಿಲೆ. ಫೀಸು 900 ರೂಪಾಯಿ ವಾಪಸ್ ಕೊಟ್ಟು ಇಎನ್‌ಟಿ ಡಾಕ್ಟರ್ ಹತ್ತಿರ ಕಳಿಸಿದೆ. ಅವರು ಮಾತ್ರೆ ಬರೆದು, ಉಪ್ಪಿನಕಾಯಿ, ಹಪ್ಪಳ ಬಿಡಿಸಿದರು. ಈಗ ಮೊದಲು ಕೇಳುವುದೇ ಸೆಕೆಂಡಾ, ಗಂಟೆಯಾ, ದಿನಗಟ್ಟಲೆಯಾ ಅಂತ. ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ನಿಲ್ಲಲೇ ಆಗದಿದ್ದರೆ ನಾನು ಮುಟ್ಟುವುದಿಲ್ಲ. ನೇರ 108ಕ್ಕೆ ಫೋನ್.

   ಎಪ್ಲಿ ಆದ ಮೇಲೆ ಎರಡು ರಾತ್ರಿ ಒರಗಿಕೊಂಡೇ ಮಲಗಬೇಕು ಎನ್ನುವುದನ್ನೂ ಪರೀಕ್ಷೆ ಮಾಡಿದೆ. ಸುಮಾರು 30 ಜನ ಹಾಗೆ, 30 ಜನ ಮಾಮೂಲಿ. ವ್ಯತ್ಯಾಸ ಕಾಣಲಿಲ್ಲ. ಸುಮ್ನೆ ಯಾಕೆ ನಿದ್ದೆ ಕೆಡಿಸಬೇಕು, ಅಲ್ವಾ?

ಗೂನು ಬೆನ್ನಿನವರ ಕುತ್ತಿಗೆ ಹಿಂದಕ್ಕೆ ಬಾಗುವುದಿಲ್ಲ. ಅವರಿಗೆ ನಾನು ಎರಡು ದಿಂಬು ಇಡುವ ಒಂದು ರೀತಿ ಇದೆ. ಅದನ್ನು ಇಲ್ಲಿ ಬರೆಯಲ್ಲ, ಬಂದವರಿಗೆ ತೋರಿಸುತ್ತೇನೆ.

ಇಲ್ಲಿಯವರೆಗೆ 250ರ ಆಸುಪಾಸು ಜನ. ಹತ್ತರಲ್ಲಿ ಎಂಟು ಜನಕ್ಕೆ ಒಂದೆರಡು ಸಲಕ್ಕೇ ಸರಿಹೋಗಿದೆ, ಫೀಸು ಸಲಕ್ಕೆ 300. ಐದರಲ್ಲಿ ಒಬ್ಬರು ವರ್ಷದೊಳಗೆ ಮತ್ತೆ ಬರುತ್ತಾರೆ. ವಿಟಮಿನ್ ಡಿ ಕಡಿಮೆ ಇರುವುದರಿಂದ ಹಾಗಾಗುತ್ತಿದೆಯೇ ಎಂದು ನೋಡಲು ಅವರಿಗೆಲ್ಲ ಈಗ ಅದರ ಟೆಸ್ಟ್ ಮಾಡಿಸುತ್ತಿದ್ದೇನೆ. 14 ಜನರಲ್ಲಿ 11 ಜನಕ್ಕೆ ಕಡಿಮೆ ಬಂದಿದೆ. ಡಾಕ್ಟರ್ ಮಾತ್ರೆ ಶುರು ಮಾಡಿದ್ದಾರೆ, ದೀಪಾವಳಿ ಹೊತ್ತಿಗೆ ಯಾರ್ಯಾರು ಮತ್ತೆ ಬಂದರು ಎಂದು ಲೆಕ್ಕ ಹಾಕುತ್ತೇನೆ.